ವರುಣನ ರೋಗ ಮತ್ತು ರಕ್ತದ ಬದಲಿದಾರಿ

ಹರಿಶ್ಚಂದ್ರ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವವನು ರಾಘವಾಂಕನ ಹರಿಶ್ಚಂದ್ರ. ಕಾಶಿ, ಸುಡುಗಾಡು, ಚಂದ್ರಮತಿಯ ಗೋಳು. ಅದಕ್ಕೂ ಬಹು ಹಿಂದಿನ ಐತರೇಯ ಬ್ರಾಹ್ಮಣದಲ್ಲಿ ಬರುವ ಹರಿಶ್ಚಂದ್ರ ಬೇರೆಯೇ ಬಗೆಯ ಅರಸ. ಮಕ್ಕಳಿಲ್ಲದ ಅವನು ವರುಣನಲ್ಲಿ ಮಗನನ್ನು ಬೇಡುತ್ತಾನೆ, ಹುಟ್ಟಿದ ಮಗನನ್ನೇ ಬಲಿ ಕೊಡುವೆನೆಂದು ಮಾತನ್ನೂ ಕೊಡುತ್ತಾನೆ. ಆದರೆ ರೋಹಿತ ಹುಟ್ಟಿದ ಮೇಲೆ ಕೊಡಲು ಮನಸ್ಸು ಬಾರದೆ ಒಂದೊಂದೇ ನೆವ ಹೇಳಿ ದಿನ ತಳ್ಳುತ್ತಾನೆ. ಕೊನೆಗೆ ವರುಣ ಅವನನ್ನು ಹಿಡಿಯುತ್ತಾನೆ. ಅರಸನ ಹೊಟ್ಟೆ ಊದಿಕೊಳ್ಳುತ್ತದೆ. ರೋಹಿತನ ಬದಲಿಗೆ ಬಲಿಗಂಬಕ್ಕೆ ಕಟ್ಟಿಸಿಕೊಂಡ ಶುನಃಶೇಪ ದೇವತೆಗಳನ್ನು ಸ್ತುತಿಸುತ್ತ ಹೋದಂತೆ ಅವನ ಕಟ್ಟು ಒಂದೊಂದಾಗಿ ಸಡಿಲವಾಗುತ್ತದೆ, ಅತ್ತ ಅರಸನ ಹೊಟ್ಟೆಯೂ ಇಳಿಯುತ್ತ ಬರುತ್ತದೆ. ಜಲದ ಒಡೆಯ ಕೊಟ್ಟ ರೋಗ ಜಲೋದರ. ನಮ್ಮ ನೆಲದ ಸಾಹಿತ್ಯದಲ್ಲಿ ಇಷ್ಟು ಹಿಂದೆಯೇ ಹೆಸರು ಪಡೆದ ಕಾಯಿಲೆಗಳು ಕೆಲವೇ.

ಮಂತ್ರದಿಂದ ಶಸ್ತ್ರಕ್ಕೆ ಬಂದವನು ಸುಶ್ರುತ. ಹೊಕ್ಕುಳಿನ ಕೆಳಗೆ, ಎಡಬದಿಗೆ, ನಡುಗೆರೆಯಿಂದ ನಾಲ್ಕು ಅಂಗುಲ ದೂರದಲ್ಲಿ ವ್ರೀಹಿಮುಖವೆಂಬ ಮೊನೆಯಿಂದ ಚುಚ್ಚಿ, ನಳಿಕೆಯಿಟ್ಟು ನೀರು ತೆಗೆಯಬೇಕೆಂದು ಅವನು ಹೇಳುತ್ತಾನೆ. ಅದಕ್ಕಿಂತ ಮುಖ್ಯವಾದ ಮಾತು ಮುಂದಿದೆ: ಎಲ್ಲ ನೀರನ್ನೂ ಒಂದೇ ದಿನ ತೆಗೆಯಬಾರದು, ತೆಗೆದರೆ ಬಾಯಾರಿಕೆ, ಜ್ವರ, ಉಬ್ಬಸ ಮೊದಲಾದುವು ಕಾಡುತ್ತವೆ, ದಿನಗಳ ಅಂತರ ಬಿಟ್ಟು ಸ್ವಲ್ಪ ಸ್ವಲ್ಪವೇ ತೆಗೆದು ಹೊಟ್ಟೆಯನ್ನು ಬಿಗಿಯಾಗಿ ಸುತ್ತಬೇಕು. ಇಂದಿನ ವೈದ್ಯರು ಒಮ್ಮೆಗೇ ಐದು ಲೀಟರಿಗಿಂತ ಹೆಚ್ಚು ನೀರು ತೆಗೆದಾಗ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ನನ್ನು ರಕ್ತನಾಳಕ್ಕೆ ಕೊಡುವುದು ಇದೇ ಎಚ್ಚರದ ಮುಂದುವರಿಕೆ. ಯೂರೋಪಿನಲ್ಲಿಯೂ ಚುಚ್ಚಿ ನೀರು ತೆಗೆಯುವುದರಿಂದಾಚೆಗೆ ಬಹುಕಾಲ ಏನೂ ತೋಚಿರಲಿಲ್ಲ. 1826ರ ಡಿಸೆಂಬರಿನಿಂದ 1827ರ ಫೆಬ್ರವರಿಯವರೆಗೆ ಬೀಥೋವನ್ನನ ಹೊಟ್ಟೆಯಿಂದ ನಾಲ್ಕು ಸಲ ನೀರು ತೆಗೆದರು. ಸತ್ತ ಮೇಲೆ ಕೊಯ್ದು ನೋಡಿದಾಗ ಅವನ ಯಕೃತ್ತು ಅರ್ಧಕ್ಕೆ ಕುಗ್ಗಿ ಗಂಟುಗಂಟಾಗಿತ್ತು. ಹಾಗೆ ಬಿರುಸಾಗಿ ಕಂದಿದ ಯಕೃತ್ತಿಗೆ ಫ್ರಾನ್ಸಿನ ಲೆನೆಕ್ 1819ರಲ್ಲಿಯೇ ಸಿರೋಸಿಸ್ ಎಂದು ಹೆಸರಿಟ್ಟಿದ್ದ. ಗ್ರೀಕಿನ ಆ ಪದ ಸೂಚಿಸುವುದು ಅದರ ಕಂದು ಹಳದಿ ಬಣ್ಣವನ್ನು.

ನೀರು ಹೊಟ್ಟೆಯಲ್ಲಿ ಕಾಣಿಸಿಕೊಂಡರೂ ಕೇಡು ಇರುವುದು ರಕ್ತದ ಹಾದಿಯಲ್ಲಿ. ಜಠರ, ಕರುಳು, ಗುಲ್ಮಗಳಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ ಪೋರ್ಟಲ್ ಸಿರೆಯೆಂಬ ದೊಡ್ಡ ನಾಳದಲ್ಲಿ ಕೂಡಿ ಯಕೃತ್ತನ್ನು ಹೊಗುತ್ತದೆ. ಪೋರ್ಟಲ್ ಎಂದರೆ ಹೆಬ್ಬಾಗಿಲಿನದು. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಯಕೃತ್ತಿನಲ್ಲಿ ಹಾಯುತ್ತದೆ. ಅದರ ಮುಕ್ಕಾಲು ಪಾಲು ಬರುವುದು ಈ ಹೆಬ್ಬಾಗಿಲಿನಿಂದ. ಉಂಡದ್ದರಲ್ಲಿ ಒಳಿತನ್ನು ಉಳಿಸಿ, ವಿಷವನ್ನು ಕಳೆದು, ಶೋಧಿಸಿದ ರಕ್ತವನ್ನು ಯಕೃತ್ತು ಹೃದಯದತ್ತ ಕಳಿಸುತ್ತದೆ. ಯಕೃತ್ತು ಕಲ್ಲಾದರೆ ಈ ರಕ್ತ ಹಿಂದಕ್ಕೆ ಒತ್ತುತ್ತದೆ. ಮುಂಬಯಿಯವರಿಗೆ ಇದನ್ನು ವಿವರಿಸಲು 2005ರ ಜುಲೈ 26 ಸಾಕು. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ವಿಹಾರ, ಪೊವಾಯಿ ಕೆರೆಗಳಿಂದ ಹೊರಟು ಮಾಹಿಮಿನ ಖಾರಿಗೆ ಸೇರಬೇಕಾದ ಮಿಠಿ ನದಿಯ ಪಾತ್ರ ಒತ್ತುವರಿಯಿಂದ ಕಿರಿದಾಗಿತ್ತು. ನೀರು ಕುರ್ಲಾ, ಕಾಲಿನಾಗಳ ಮನೆಗಳನ್ನು ಹುಡುಕಿಕೊಂಡು ಹೋಯಿತು. ತಡೆದ ಹರಿವು ತಾನೇ ದಾರಿ ಮಾಡಿಕೊಳ್ಳುತ್ತದೆ. ಆ ದಾರಿ ನಾವು ಬಯಸಿದ್ದಾಗಿರುವುದಿಲ್ಲ.

ದೇಹದೊಳಗೂ ಹಾಗೆಯೇ. ಒತ್ತಡಕ್ಕೆ ಸಿಕ್ಕ ರಕ್ತ ಅನ್ನನಾಳದ ಕೆಳತುದಿಯ ಸಣ್ಣ ಸಿರೆಗಳನ್ನು ಹಿಗ್ಗಿಸಿ ಅವುಗಳ ಮೂಲಕ ಹೃದಯಕ್ಕೆ ಹೋಗಲೆಳಸುತ್ತದೆ. ಪೋರ್ಟಲ್ ಸಿರೆಗೂ ಯಕೃತ್ತಿನಿಂದ ಹೊರಡುವ ಸಿರೆಗೂ ನಡುವಣ ಒತ್ತಡದ ಅಂತರ ಆರೋಗ್ಯವಂತರಲ್ಲಿ ಪಾದರಸದ 5 ಮಿಲಿಮೀಟರಿನೊಳಗೆ ಇರುತ್ತದೆ. ಅದು 12ನ್ನು ದಾಟಿದರೆ ಆ ತೆಳುಗೋಡೆಯ ಸಿರೆಗಳು ಒಡೆಯಬಲ್ಲವು. ಊಟ ಮಾಡಿ ಎದ್ದ ಮನುಷ್ಯ ಬೋಗುಣಿಗಟ್ಟಲೆ ರಕ್ತ ಕಾರುತ್ತಾನೆ. ಈ ಭೀಕರತೆಯನ್ನು ಕಂಡ ಶಸ್ತ್ರವೈದ್ಯರಿಗೆ ಒಂದು ಯೋಚನೆ ಹೊಳೆದದ್ದು ಸಹಜ: ಹರಿವು ಹೇಗೂ ದಾರಿ ಹುಡುಕುತ್ತದೆಂದಾದರೆ ದಾರಿಯನ್ನು ನಾವೇ ಏಕೆ ಕೊಡಬಾರದು? ರೈಲ್ವೆಯಲ್ಲಿ ಬೋಗಿಗಳನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವುದನ್ನು ಶಂಟಿಂಗ್ ಎನ್ನುತ್ತೇವೆ. ರಕ್ತವನ್ನು ಹಾಗೆ ಹೊರಳಿಸುವುದೇ ಶಂಟ್.

ಮೊದಲು ಹಳಿ ತಪ್ಪಿಸಿ ನೋಡಿದವನು ಸೇಂಟ್ ಪೀಟರ್ಸ್‌ಬರ್ಗಿನ ಸೇನಾವೈದ್ಯ ನಿಕೊಲಾಯ್ ಎಕ್. 1877ರಲ್ಲಿ ಅವನು ಎಂಟು ನಾಯಿಗಳ ಪೋರ್ಟಲ್ ಸಿರೆಯನ್ನು ಪಕ್ಕದಲ್ಲಿಯೇ ಹರಿಯುವ ಕೆಳ ಮಹಾಸಿರೆಗೆ ಹೊಲಿದು, ರಕ್ತ ಯಕೃತ್ತನ್ನು ಹೊಗದೆ ಹೃದಯಕ್ಕೆ ಹೋಗುವಂತೆ ಮಾಡಿದ. ಏಳು ನಾಯಿಗಳು ವಾರದೊಳಗೆ ಸತ್ತವು. ಎಂಟನೆಯದು ಎರಡೂವರೆ ತಿಂಗಳು ಬದುಕಿ, ಆಮೇಲೆ ಪ್ರಯೋಗಶಾಲೆಯಿಂದ ಓಡಿಹೋಯಿತು. ಇಷ್ಟರ ಬಲದಿಂದಲೇ ಎಕ್, ಮನುಷ್ಯರ ಜಲೋದರಕ್ಕೂ ಇದು ಮದ್ದಾಗಬಹುದೆಂದು ಬರೆದ. ವೈದ್ಯದ ಚರಿತ್ರೆಯಲ್ಲಿ ಇಷ್ಟು ಸಣ್ಣ ಸಾಕ್ಷ್ಯ ಇಷ್ಟು ದೊಡ್ಡ ಆಸೆಯನ್ನು ಹೊತ್ತ ನಿದರ್ಶನಗಳು ಹೆಚ್ಚಿಲ್ಲ.

ಓಡಿಹೋದ ನಾಯಿ ಹೇಳದೆ ಹೋದದ್ದನ್ನು ಅದೇ ಊರಿನ ಇವಾನ್ ಪಾವ್ಲೋವ್ ಮತ್ತು ಅವನ ಜೊತೆಗಾರರು 1893ರಲ್ಲಿ ಹೇಳಿದರು. ಎಕ್‌ನ ಹಾದಿಯಲ್ಲಿ ಶಸ್ತ್ರಕ್ರಿಯೆಯಾದ ನಾಯಿಗಳನ್ನು ಅವರು ಬದುಕಿಸಿಕೊಂಡು ಬಹುಕಾಲ ನೋಡಿದರು. ಸೌಮ್ಯವಾಗಿದ್ದ ನಾಯಿಗಳು ಸಿಡುಕಿನವಾದವು. ಮಾಂಸ ತಿಂದ ಮೇಲೆ ತೂರಾಡಿದವು, ಕಣ್ಣು ಕಾಣದಂತೆ ಗೋಡೆಗೆ ಹಾಯ್ದವು, ಎಚ್ಚರ ತಪ್ಪಿ ಬಿದ್ದವು. ಅದನ್ನು ಅವರು ಮಾಂಸದ ನಂಜು ಎಂದು ಕರೆದರು. ಯಕೃತ್ತು ಶೋಧಿಸದೆ ಬಿಟ್ಟ ರಕ್ತ, ಅದರಲ್ಲಿಯೂ ಅಮೋನಿಯ, ಮಿದುಳನ್ನು ಮುಟ್ಟಿತ್ತು. ಮುಂದಿನ ನೂರು ವರ್ಷಗಳ ಸಂಕಟವೆಲ್ಲ ಈ ನಾಯಿಗಳಲ್ಲಿಯೇ ಇತ್ತು: ಹೊಟ್ಟೆಯ ಒತ್ತಡ ಇಳಿಸಬಹುದು, ಬೆಲೆಯನ್ನು ಬುದ್ಧಿ ತೆರಬೇಕಾಗಬಹುದು.

ಆದರೂ ಮನುಷ್ಯರ ಮೇಲೆ ಈ ಕ್ರಿಯೆ ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ಕೊನೆಗೆ. ರಕ್ತನಾಳಗಳನ್ನು ಹೊಲಿಯುವ ಕೌಶಲ, ರಕ್ತ ಸಂಗ್ರಹ, ಪೆನ್ಸಿಲಿನ್ ಎಲ್ಲವೂ ಕೈಗೆ ಬಂದಿದ್ದ ಕಾಲ. 1945ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್, ಆರ್ಥರ್ ಬ್ಲೇಕ್‌ಮೋರ್ ಮೊದಲಾದವರು ಪೋರ್ಟಲ್ ಸಿರೆಯನ್ನು ಮಹಾಸಿರೆಗೆ ಸೇರಿಸಿದ ತಮ್ಮ ರೋಗಿಗಳ ವಿವರ ಪ್ರಕಟಿಸಿದರು. 1947ರಲ್ಲಿ ಬಾಸ್ಟನ್ನಿನ ರಾಬರ್ಟ್ ಲಿಂಟನ್ ಬೇರೊಂದು ಬಗೆ ತೋರಿದ: ಗುಲ್ಮವನ್ನು ತೆಗೆದು, ಅದರ ಸಿರೆಯನ್ನು ಎಡ ಮೂತ್ರಪಿಂಡದ ಸಿರೆಗೆ ಜೋಡಿಸುವುದು. ರಕ್ತ ಕಾರುವುದು ನಿಂತಿತು. ಶಸ್ತ್ರವೈದ್ಯರು ಹಿಗ್ಗಿದರು. ಒಮ್ಮೆಯೂ ರಕ್ತ ಕಾರದ ಸಿರೋಸಿಸ್ ರೋಗಿಗಳಿಗೂ ಮುಂಜಾಗ್ರತೆಯೆಂದು ಶಂಟ್ ಮಾಡತೊಡಗಿದರು.

ಆಗ ಬಂದದ್ದು 1966ರ ಒಂದು ಲೇಖನ. ಗ್ರೇಸ್, ಮ್ಯೂಂಚ್ ಮತ್ತು ಥಾಮಸ್ ಚಾಮರ್ಸ್ ಎಂಬ ಮೂವರು ಶಂಟ್ ಕುರಿತು ಅದುವರೆಗೆ ಪ್ರಕಟವಾಗಿದ್ದ 51 ಅಧ್ಯಯನಗಳನ್ನು ಮುಂದಿಟ್ಟುಕೊಂಡು ಒಂದು ಸರಳ ಪ್ರಶ್ನೆ ಕೇಳಿದರು: ಬರೆದವರಿಗೆ ಈ ಕ್ರಿಯೆಯ ಮೇಲೆ ಎಷ್ಟು ಉತ್ಸಾಹವಿದೆ, ಮತ್ತು ಅವರ ಅಧ್ಯಯನದ ಕಟ್ಟು ಎಂಥದು? ಹೋಲಿಕೆಯ ಗುಂಪೇ ಇಲ್ಲದ ಅಧ್ಯಯನಗಳು 32. ಅವುಗಳಲ್ಲಿ 24 ಶಂಟನ್ನು ಬಹುವಾಗಿ ಹೊಗಳಿದ್ದವು. ಹೋಲಿಕೆಯ ಗುಂಪಿದ್ದರೂ ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೇ ಆರಿಸಿದ್ದವು 15; ಅವುಗಳಲ್ಲಿ 10 ಹೊಗಳಿದ್ದವು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ರೋಗಿಗಳನ್ನು ಹಂಚಿದ್ದ ಅಧ್ಯಯನಗಳು ನಾಲ್ಕು; ಅವುಗಳಲ್ಲಿ ಒಂದೂ ಹಾಗೆ ಹೊಗಳಿರಲಿಲ್ಲ. ಪರೀಕ್ಷೆ ಬಿಗಿಯಾದಂತೆ ಪವಾಡ ಕರಗಿತ್ತು.

ಇಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಿಕೊಳ್ಳಬಲ್ಲ ಗಟ್ಟಿ ರೋಗಿಗಳನ್ನೇ ವೈದ್ಯರು ಆರಿಸುತ್ತಿದ್ದರು. ಬಳಲಿದವರು ಹೋಲಿಕೆಯ ಗುಂಪಿಗೆ ಉಳಿಯುತ್ತಿದ್ದರು. ಗಟ್ಟಿಯವರು ಹೆಚ್ಚು ಕಾಲ ಬದುಕಿದಾಗ ಕೀರ್ತಿ ಶಸ್ತ್ರಕ್ಕೆ ಹೋಗುತ್ತಿತ್ತು. ಯೇಲ್, ಬಾಸ್ಟನ್ ಮೊದಲಾದೆಡೆ ನಡೆದ ಯಾದೃಚ್ಛಿಕ ಪರೀಕ್ಷೆಗಳು ಕಹಿಸತ್ಯವನ್ನು ಹೇಳಿದವು: ಶಂಟ್ ರಕ್ತಸ್ರಾವವನ್ನು ತಡೆಯುತ್ತದೆ, ಆದರೆ ಸಿರೋಸಿಸ್ ರೋಗಿಯ ಆಯುಸ್ಸನ್ನು ಹೆಚ್ಚಿಸುವುದಿಲ್ಲ. ರಕ್ತ ಕಾರಿ ಸಾಯಬೇಕಾದವರು ಯಕೃತ್ತು ಸೋತು, ಮಂಕು ಕವಿದು ಸಾಯುತ್ತಿದ್ದರು. ಕಾಯಿಲೆಯ ಹೆಸರು ಬದಲಾಗಿತ್ತು, ಕೊನೆ ಬದಲಾಗಿರಲಿಲ್ಲ. ಯಾದೃಚ್ಛಿಕ ಪರೀಕ್ಷೆ ಏಕೆ ಬೇಕೆಂದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಕಲಿಸುವಾಗ ಇಂದಿಗೂ ಈ 51 ಅಧ್ಯಯನಗಳ ಪಟ್ಟಿಯನ್ನು ತೋರಿಸುತ್ತಾರೆ.

ಇಲ್ಲಿಗೆ ಕಥೆ ಮುಗಿಯಿತೆಂದು ಪಶ್ಚಿಮದ ಪುಸ್ತಕಗಳನ್ನಷ್ಟೇ ಓದಿದವರಿಗೆ ತೋರಬಹುದು. 1967ರಲ್ಲಿ ಡೀನ್ ವಾರನ್ ಯಕೃತ್ತಿನ ಹರಿವನ್ನು ಉಳಿಸಿಕೊಂಡು ಗುಲ್ಮದ ಕಡೆಯ ಒತ್ತಡವನ್ನು ಮಾತ್ರ ಇಳಿಸುವ ಆಯ್ದ ಶಂಟನ್ನು ತಂದ. ಮುಂದೆ ಅನ್ನನಾಳಕ್ಕೆ ದರ್ಶಕ ಇಳಿಸಿ, ಉಬ್ಬಿದ ಸಿರೆಗೆ ಮದ್ದು ಚುಚ್ಚುವ, ರಬ್ಬರ್ ಬಳೆ ತೊಡಿಸುವ ಚಿಕಿತ್ಸೆಗಳು ಶಸ್ತ್ರವೈದ್ಯರ ಕೈಯಿಂದ ಈ ರೋಗಿಗಳನ್ನು ಕಿತ್ತುಕೊಂಡವು. ಆದರೆ ಭಾರತದಲ್ಲಿ ಚರಿತ್ರೆ ಬೇರೆ ಹಾದಿ ಹಿಡಿಯಿತು. ಕಾರಣ, ನಮ್ಮಲ್ಲಿ ರಕ್ತ ಕಾರಿ ಬರುವವರೆಲ್ಲ ಸಿರೋಸಿಸ್ ರೋಗಿಗಳಲ್ಲ.

ನಮ್ಮ ಆಸ್ಪತ್ರೆಗಳಿಗೆ ಬರುತ್ತಿದ್ದವರಲ್ಲಿ ಮಕ್ಕಳಿದ್ದರು, ಕುಡಿತವನ್ನೇ ಅರಿಯದ ಹೆಂಗಸರಿದ್ದರು. ಗುಲ್ಮ ಹೊಕ್ಕುಳವರೆಗೆ ಬೆಳೆದಿರುತ್ತಿತ್ತು, ಯಕೃತ್ತು ಮಾತ್ರ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತಿತ್ತು. ಕೆಲವರಲ್ಲಿ ಯಕೃತ್ತಿನೊಳಗಣ ಪೋರ್ಟಲ್ ಸಿರೆಯ ಕವಲುಗಳು ಮಾತ್ರ ದಪ್ಪಗಟ್ಟಿದ್ದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1969ರ ಕಾರ್ಯಾಗಾರದಲ್ಲಿ ಇದಕ್ಕೆ ಸಿರೋಸಿಸ್ ಅಲ್ಲದ ಪೋರ್ಟಲ್ ಫೈಬ್ರೋಸಿಸ್ ಎಂದು ಹೆಸರಿಟ್ಟಿತು. ಇನ್ನು ಕೆಲವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ, ಯಕೃತ್ತಿನ ಹೊರಗೇ ಹೆಬ್ಬಾಗಿಲು ಮುಚ್ಚಿಹೋಗಿತ್ತು. ಹೊಕ್ಕುಳಬಳ್ಳಿಯ ಸಿರೆ ಪೋರ್ಟಲ್ ಸಿರೆಗೇ ಹೋಗಿ ಸೇರುವುದರಿಂದ, ಹುಟ್ಟಿದಾಗ ಹೊಕ್ಕುಳಿಗೆ ತಗಲಿದ ಸೋಂಕು ಒಳಗೆ ಹಬ್ಬಿ ರಕ್ತ ಹೆಪ್ಪುಗಟ್ಟಿಸಿರಬಹುದೆಂಬುದು ಸೂಚಿತವಾದ ಕಾರಣಗಳಲ್ಲಿ ಒಂದು. ಹೆರಿಗೆಯ ದಿನದ ಒಂದು ಕೊಳಕು ಕತ್ತಿ ಏಳೆಂಟು ವರ್ಷಗಳ ಮೇಲೆ ಮಗು ರಕ್ತ ಕಾರುವಂತೆ ಮಾಡಬಲ್ಲದು.

ಇಂಥ ಮಗುವಿನಲ್ಲಿ ಲಿಂಟನ್ನನ ಶಂಟ್ ಬೇರೆಯೇ ಫಲ ಕೊಟ್ಟಿತು. ಯಕೃತ್ತು ಆರೋಗ್ಯವಾಗಿರುವುದರಿಂದ ಶಸ್ತ್ರಕ್ರಿಯೆಯ ಪೆಟ್ಟನ್ನು ದೇಹ ತಾಳಿಕೊಳ್ಳುತ್ತದೆ, ಮಂಕು ಕವಿಯುವುದೂ ವಿರಳ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸಮೀರನ್ ನಂದಿ ಮತ್ತು ಸಂಗಡಿಗರು ಹೀಗೆ ಶಂಟ್ ಮಾಡಿದ 160 ಮಕ್ಕಳ ವಿವರವನ್ನು 1994ರಲ್ಲಿ ಪ್ರಕಟಿಸಿದರು. ಬಹುಪಾಲು ಮಕ್ಕಳು ಬದುಕಿ ಬೆಳೆದಿದ್ದರು. ರಕ್ತನಿಧಿಯೂ ದರ್ಶಕವೂ ಇಲ್ಲದ ಹಳ್ಳಿಗೆ ಮರಳುವ ಮಗುವಿಗೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಾ ಎನ್ನುವುದು ಚಿಕಿತ್ಸೆಯಾಗದು. ಒಂದೇ ಸಲಕ್ಕೆ ಮುಗಿಯುವ ಕ್ರಿಯೆಯೇ ಅದಕ್ಕೆ ರಕ್ಷೆ. ಅಲ್ಲಿ ತೀರ್ಪು ಪಡೆದು ಮೂಲೆ ಸೇರಿದ ಕ್ರಿಯೆಯೊಂದು ಇಲ್ಲಿ ಜೀವ ಉಳಿಸಿತು. ತೀರ್ಪು ತಪ್ಪಾಗಿರಲಿಲ್ಲ, ಅದು ಬೇರೊಂದು ರೋಗದ ಬಗ್ಗೆ ಕೊಟ್ಟ ತೀರ್ಪಾಗಿತ್ತು. ವಿಜ್ಞಾನಕ್ಕೆ ಗಡಿಯಿಲ್ಲ ಎನ್ನುತ್ತೇವೆ, ಆದರೆ ರೋಗಿಗೆ ಊರಿದೆ.

ಮುಂಬಯಿಯ ಪಾಲು ಇರುವುದು ಈ ಚರಿತ್ರೆಯ ಇನ್ನೊಂದು ಕವಲಿನಲ್ಲಿ. ಪರೇಲಿನ ಕೆ.ಇ.ಎಂ. ಆಸ್ಪತ್ರೆ ಮತ್ತು ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜು ತೆರೆದದ್ದು 1926ರಲ್ಲಿ. ಅಧ್ಯಾಪಕರು ಭಾರತೀಯರೇ ಆಗಿರಬೇಕೆಂಬ ಷರತ್ತಿನೊಡನೆ ಬಂದ ದಾನದಿಂದ ನಿಂತ ಸಂಸ್ಥೆಯದು. ಬಾಂಬೆ ರಕ್ತಗುಂಪೆಂದು ಜಗತ್ತು ಕರೆಯುವ ವಿರಳ ಗುಂಪನ್ನು 1952ರಲ್ಲಿ ವೈ. ಎಂ. ಭೇಂಡೆಯವರು ಗುರುತಿಸಿದ್ದು ಇಲ್ಲಿಯೇ. ಅದೇ ಆವರಣದಲ್ಲಿರುವ ರಾಷ್ಟ್ರೀಯ ರಕ್ತವಿಜ್ಞಾನ ಸಂಸ್ಥೆಯ ಸಂಶೋಧಕರು ಆಸ್ಪತ್ರೆಯ ವೈದ್ಯರೊಡನೆ ಬಡ್ ಕಿಯಾರಿ ಎಂಬ ಕಾಯಿಲೆಯ ಬೆನ್ನು ಹತ್ತಿದರು. 1845ರಲ್ಲಿ ಇಂಗ್ಲೆಂಡಿನ ಜಾರ್ಜ್ ಬಡ್, 1899ರಲ್ಲಿ ಪ್ರಾಗ್‌ನಲ್ಲಿದ್ದ ಹಾನ್ಸ್ ಕಿಯಾರಿ ವಿವರಿಸಿದ ಈ ರೋಗದಲ್ಲಿ ಮುಚ್ಚಿಹೋಗುವುದು ಹೆಬ್ಬಾಗಿಲಲ್ಲ, ಹಿತ್ತಿಲ ಬಾಗಿಲು. ಯಕೃತ್ತಿನಿಂದ ರಕ್ತ ಹೊರಡುವ ಸಿರೆಗಳೇ ಕಟ್ಟಿಕೊಂಡು, ಇನ್ನೂ ಚಿಕ್ಕ ವಯಸ್ಸಿನವರ ಹೊಟ್ಟೆಯಲ್ಲಿ ನೀರು ತುಂಬುತ್ತದೆ. 2001ರಲ್ಲಿ ಮುಂಬಯಿಯ ಈ ತಂಡ ಹೆಪಟಾಲಜಿ ಪತ್ರಿಕೆಯಲ್ಲಿ, ಪಶ್ಚಿಮ ಭಾರತದ ಇಂಥ ರೋಗಿಗಳಲ್ಲಿ ಅನುವಂಶಿಕವಾಗಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ, ಅದರಲ್ಲಿಯೂ ಫ್ಯಾಕ್ಟರ್ ಐದು ಲೈಡನ್ ಎಂಬ ಮಾರ್ಪಾಡು, ಗಣನೀಯವಾಗಿ ಕಾಣುತ್ತದೆಂದು ತೋರಿಸಿತು. ಕಾಯಿಲೆ ಯಕೃತ್ತಿನದೆಂದು ಬಂದವನ ಮೂಲದೋಷ ರಕ್ತದಲ್ಲಿತ್ತು.

ಹಿತ್ತಿಲ ಬಾಗಿಲು ಮುಚ್ಚಿದವರಿಗೆ ಹೊಸ ಬಾಗಿಲನ್ನು ಹೊಟ್ಟೆ ಕೊಯ್ಯದೆ ತೆರೆಯುವ ವಿದ್ಯೆ ಅಷ್ಟರಲ್ಲಿ ಬಂದಿತ್ತು. ಜೆಕೊಸ್ಲೊವಾಕಿಯದಿಂದ ಅಮೆರಿಕಕ್ಕೆ ಹೋದ ಯೋಸೆಫ್ ರೋಶ್ 1969ರಲ್ಲಿ ಪ್ರಾಣಿಗಳಲ್ಲಿ ತೋರಿಸಿದ ಉಪಾಯವದು. ಕುತ್ತಿಗೆಯ ಸಿರೆಯಿಂದ ಸೂಜಿಯನ್ನು ಇಳಿಸಿ, ಹೃದಯದ ಬಲಗೋಣೆಯನ್ನು ಹಾಯ್ದು, ಯಕೃತ್ತಿನ ಸಿರೆಯನ್ನು ಮುಟ್ಟಿ, ಅಲ್ಲಿಂದ ಯಕೃತ್ತಿನ ಮಾಂಸವನ್ನೇ ತೂರಿ ಪೋರ್ಟಲ್ ಸಿರೆಯ ಕವಲನ್ನು ಹಿಡಿಯುವುದು. ಆದರೆ ಹಾಗೆ ಮಾಡಿದ ಸುರಂಗ ಬೇಗ ಮುಚ್ಚಿಕೊಳ್ಳುತ್ತಿತ್ತು. 1982ರಲ್ಲಿ ಟೊರಾಂಟೊದ ಕೊಲಾಪಿಂಟೊ ಮನುಷ್ಯರಲ್ಲಿ ಸುರಂಗವನ್ನು ಬಲೂನಿನಿಂದ ಹಿಗ್ಗಿಸಿ ನೋಡಿದಾಗಲೂ ಅದೇ ಕಥೆ. ಅರ್ಜೆಂಟೀನ ಮೂಲದ ಹೂಲಿಯೊ ಪಾಲ್ಮಾಸ್ ಲೋಹದ ಜಾಲರಿಯ ಸ್ಟೆಂಟನ್ನು ರೂಪಿಸಿದ ಮೇಲೆ 1988ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮೊದಲ ಬಾರಿಗೆ ಆ ಸುರಂಗ ತೆರೆದು ನಿಂತಿತು. ವೈದ್ಯಲೋಕ ಇದನ್ನು ಟಿಪ್ಸ್ ಎಂದು ಕರೆಯುತ್ತದೆ. ಮುಂದೆ ಜಾಲರಿಗೆ ತೆಳುಪೊರೆಯ ಹೊದಿಕೆ ಬಂದು, ಅದು ಕಟ್ಟಿಕೊಳ್ಳುವುದೂ ಕಡಿಮೆಯಾಯಿತು. ಇಂದು ಕೆ.ಇ.ಎಂ.ನಂಥ ಪೌರ ಆಸ್ಪತ್ರೆಯ ಕ್ಷಕಿರಣ ವಿಭಾಗದಲ್ಲಿ ಬಡ್ ಕಿಯಾರಿ ರೋಗಿಗಳಿಗೆ ಸಿರೆ ಹಿಗ್ಗಿಸುವ, ಸ್ಟೆಂಟ್ ಇಡುವ, ಟಿಪ್ಸ್ ಮಾಡುವ ಕೆಲಸ ನಡೆಯುತ್ತದೆ.

ದಾರಿ ಕಿರಿದಾದರೂ ಹಳೆಯ ಪ್ರಶ್ನೆ ಹಾಗೆಯೇ ಉಳಿಯಿತು: ಯಾರಿಗೆ ಮಾಡಬೇಕು, ಯಾರಿಗೆ ಕೂಡದು? ಶಂಟ್ ತಾಳುವ ರೋಗಿಯನ್ನು ಗುರುತಿಸಲೆಂದು 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಒಂದು ಶ್ರೇಣಿ ಮಾಡಿದ್ದರು. 2000ದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಮ್ಯಾಲಿನ್‌ಚಾಕ್, ಪ್ಯಾಟ್ರಿಕ್ ಕಾಮತ್ ಮೊದಲಾದವರು ಟಿಪ್ಸ್ ಆದ ಮೇಲೆ ಯಾರು ಉಳಿಯಲಾರರು ಎಂಬುದನ್ನು ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ವೇಗಗಳಿಂದ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಕಾಮತ್ ಎಂಬ ಉಪನಾಮವನ್ನು ಮುಂಬಯಿಯ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಶಂಟಿಗಾಗಿ ಹುಟ್ಟಿದ ಆ ಸೂತ್ರ ಮೆಲ್ಡ್ ಎಂಬ ಹೆಸರಿನಿಂದ 2002ರಲ್ಲಿ ಅಮೆರಿಕದಲ್ಲಿ, ದಾನ ಬಂದ ಯಕೃತ್ತು ಯಾರಿಗೆ ಮೊದಲು ಸಲ್ಲಬೇಕೆಂದು ನಿರ್ಧರಿಸುವ ಅಳತೆಗೋಲಾಯಿತು. 1963ರಲ್ಲಿ ಮೊದಲ ಯಕೃತ್ ಕಸಿ ಮಾಡಿದ ಥಾಮಸ್ ಸ್ಟಾರ್ಜಲ್ ಕೂಡ ಯಕೃತ್ತಿನತ್ತ ತಿರುಗಿದ್ದು ಎಕ್‌ನ ನಾಯಿಗಳಂಥವೇ ನಾಯಿಗಳ ಅಧ್ಯಯನದಿಂದ. ಭಾರತದಲ್ಲಿ 1994ರ ಅಂಗಕಸಿ ಕಾಯಿದೆಯ ಮೇಲೆ, 1998ರಲ್ಲಿ ದೆಹಲಿಯಲ್ಲಿ ಮಗುವೊಂದಕ್ಕೆ ಕಸಿ ಯಶಸ್ವಿಯಾಯಿತು. ಮುಂದುವರಿದ ಸಿರೋಸಿಸ್‌ಗೆ ನಿಜವಾದ ಮದ್ದು ಅದೊಂದೇ. ಯಕೃತ್ತಿಗಾಗಿ ಕಾಯುವವನಿಗೆ ಟಿಪ್ಸ್ ಒಂದು ಸೇತುವೆ. ಕಸಿಯ ವೆಚ್ಚ ಎಟುಕದವನಿಗೆ ಹಲವೊಮ್ಮೆ ಅದೇ ಕೊನೆಯ ನಿಲ್ದಾಣ.

ಟಿಪ್ಸ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಪಾವ್ಲೋವನ ನಾಯಿಗಳನ್ನು ಕಾಡಿದ ಮಂಕು ಒಂದಲ್ಲ ಒಂದು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಅದು ಲ್ಯಾಕ್ಟುಲೋಸ್ ಪಾನಕಕ್ಕೆ, ಕರುಳನ್ನು ಹಸನಾಗಿಡುವ ಔಷಧಗಳಿಗೆ ಮಣಿಯುತ್ತದೆ. ಆದರೆ ಅದನ್ನು ಮೊದಲು ಗುರುತಿಸಬೇಕಾದವರು ಮನೆಯವರು. ಹಗಲು ನಿದ್ದೆ, ಇರುಳು ಎಚ್ಚರ, ಸಹಿ ವಕ್ರವಾಗುವುದು, ಜೀವಮಾನವಿಡೀ ಗಲ್ಲೆಯಲ್ಲಿ ಕುಳಿತು ಬಾಯಿಲೆಕ್ಕ ಹಾಕಿದವನು ಚಿಲ್ಲರೆ ಕೊಡಲು ತಡವರಿಸುವುದು, ಮಾತಿನಲ್ಲಿ ಒಂದು ಪದ ಸಿಗದೆ ಇನ್ನೊಂದನ್ನು ಇಡುವುದು. ಸಂಖ್ಯೆಗಳನ್ನು ಕ್ರಮವಾಗಿ ಗೆರೆಯಿಂದ ಸೇರಿಸುವ, ನಕ್ಷತ್ರ ಬರೆಯುವ ಪರೀಕ್ಷೆಗಳು ವೈದ್ಯರ ಬಳಿ ಇವೆ. ಆದರೆ ತುಳುವನ್ನೋ ಕನ್ನಡವನ್ನೋ ಆಡುವ ರೋಗಿಯ ಮಾತು ತುಸು ತಪ್ಪಿದ್ದು, ಅವನೊಡನೆ ಮರಾಠಿಯಲ್ಲೋ ಹಿಂದಿಯಲ್ಲೋ ಐದು ನಿಮಿಷ ಆಡುವ ವೈದ್ಯನಿಗೆ ಹೇಗೆ ತಿಳಿಯಬೇಕು? ಸಹಿ ಹಾಕುವ ಮುನ್ನ ಆ ರೋಗಿಗೂ ಅವನ ಹೆಂಡತಿಗೂ, ಹೊಟ್ಟೆಯ ನೀರು ಇಳಿಯಬಹುದು, ಬುದ್ಧಿಗೆ ಆಗಾಗ ಮಬ್ಬು ಕವಿಯಲೂಬಹುದು, ಇವೆರಡನ್ನೂ ತೂಗಿ ನೋಡಿ ಎಂದು ಅವರ ನುಡಿಯಲ್ಲಿ ಹೇಳುವವರು ಯಾರು?

ಡಿ. ಎಸ್. ಶಿವಪ್ಪ, ಅನುಪಮಾ ನಿರಂಜನ, ಪಿ. ಎಸ್. ಶಂಕರ್ ಮೊದಲಾದ ವೈದ್ಯರು ಕನ್ನಡದಲ್ಲಿ ವೈದ್ಯವನ್ನು ಬರೆದು ನಮಗೆ ಪದಗಳನ್ನು ಕೊಟ್ಟುಹೋಗಿದ್ದಾರೆ. ಹೊರನಾಡಿನ ಸಂಘಗಳು ನಾಟಕಕ್ಕೆ, ಯಕ್ಷಗಾನಕ್ಕೆ, ರಾತ್ರಿಶಾಲೆಗೆ ಕಟ್ಟಿಕೊಂಡ ಕನ್ನಡವನ್ನು ಆಸ್ಪತ್ರೆಯ ವಾರ್ಡಿಗೂ ಒಯ್ಯುವುದು ಅಸಾಧ್ಯವೇನಲ್ಲ. ಅಲ್ಲಿ ಹಾಸಿಗೆಯ ಪಕ್ಕ ನಿಂತು ಎರಡು ಮಾತು ತಿಳಿಯಹೇಳುವ ಒಬ್ಬರು ಸಾಕು. ಯಕೃತ್ತಿನ ಸುತ್ತ ಒಂದೂವರೆ ಶತಮಾನ ಹುಡುಕಿದ ಬದಲಿದಾರಿಗಳೆಲ್ಲ ಹೇಳುವುದು ಒಂದೇ: ಬಿಟ್ಟಿಯಾಗಿ ಸಿಗುವ ದಾರಿಯಿಲ್ಲ, ಪ್ರತಿ ದಾರಿಗೂ ಸುಂಕವಿದೆ. ಎಷ್ಟು ಸುಂಕವೆಂದು ಮುಂಚೆಯೇ ತಿಳಿದು ಹೊರಡುವುದು ರೋಗಿಯ ಹಕ್ಕು.